ಬೆಳೆಸಿದ ಜೀವಕೋಶಗಳಲ್ಲಿ ಆಟೊಫೇಜಿಯನ್ನು ಅಳೆಯುವ ಬಗೆ: ಪ್ರಯೋಗಾಲಯದ ಸಮಗ್ರ ಮಾರ್ಗದರ್ಶಿ

‘ಎಲ್‌ಸಿ3-ಎರಡರ ಬ್ಯಾಂಡ್ ದಪ್ಪವಾಗಿದೆ, ಆದ್ದರಿಂದ ಆಟೊಫೇಜಿ ಹೆಚ್ಚಿದೆ.’ ಪ್ರಯೋಗಾಲಯದ ಸಭೆಗಳಲ್ಲಿ ಇಷ್ಟು ಸಲೀಸಾಗಿ ಹೇಳಿಬಿಡುವ ಮಾತು ಬೇರೊಂದಿಲ್ಲ. ಇಷ್ಟು ಸಲ ತಪ್ಪಾಗುವ ಮಾತೂ ಕಡಿಮೆ. ಬ್ಯಾಂಡ್, ಅಂದರೆ ಪ್ರೋಟೀನುಗಳನ್ನು ಜೆಲ್‌ನಲ್ಲಿ ಬೇರ್ಪಡಿಸಿ ಪ್ರತಿಕಾಯದಿಂದ ಗುರುತಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಕಾಣುವ ಪಟ್ಟಿ, ದಪ್ಪವಾದದ್ದು ನಿಜವಿರಬಹುದು. ಆದರೆ ಅದರಿಂದ ‘ಆದ್ದರಿಂದ’ ಎಂಬಲ್ಲಿಗೆ ಜಿಗಿಯಲು ಆಗುವುದಿಲ್ಲ. ಆ ನಡುವಿನ ದಾರಿಯನ್ನು ಪ್ರಯೋಗದಿಂದ ಹೇಗೆ ಕ್ರಮಿಸಬೇಕು ಎಂಬುದೇ ಈ ಬರಹದ ವಿಷಯ.

ಹಿನ್ನೆಲೆ ಚುಟುಕಾಗಿ: ಜೀವಕೋಶವು ತನ್ನದೇ ಸೈಟೋಪ್ಲಾಸಂನ ಒಂದು ಭಾಗವನ್ನು, ಹಳೆಯ ಮೈಟೋಕಾಂಡ್ರಿಯಾವನ್ನು ಅಥವಾ ಮುದ್ದೆಗಟ್ಟಿದ ಪ್ರೋಟೀನನ್ನು ಎರಡು ಪದರಗಳ ಪೊರೆಯಿಂದ ಸುತ್ತುತ್ತದೆ. ಹೀಗೆ ಉಂಟಾದ ಚೀಲವೇ ಆಟೊಫಾಗೊಸೋಮ್. ಅದು ಲೈಸೊಸೋಮಿನೊಂದಿಗೆ (ಕರಗಿಸುವ ಕಿಣ್ವಗಳಿರುವ ಆಮ್ಲೀಯ ಚೀಲ) ಬೆರೆತಾಗ ಒಳಗಿನ ಸರಕು ಕರಗಿ ಅಮೈನೋ ಆಮ್ಲಗಳಾಗಿ ಹೊರಬರುತ್ತದೆ. ಕ್ರಿಸ್ಟಿಯನ್ ಡಿ ಡ್ಯೂವ್ 1963ರಲ್ಲಿ ಈ ಪ್ರಕ್ರಿಯೆಗೆ ಆಟೊಫೇಜಿ ಎಂದು ಹೆಸರಿಟ್ಟರು. ಯೀಸ್ಟ್‌ನಲ್ಲಿ ಅದರ ಜೀನ್‌ಗಳನ್ನು ಪತ್ತೆಹಚ್ಚಿದ ಯೊಶಿನೊರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಸಂದಿತು. ಯೀಸ್ಟ್‌ನ ಎಟಿಜಿ8 ಪ್ರೋಟೀನಿಗೆ ಸಸ್ತನಿಗಳಲ್ಲಿರುವ ಸಂಬಂಧಿಯೇ ಎಲ್‌ಸಿ3. ಸೈಟೋಪ್ಲಾಸಂನಲ್ಲಿ ತೇಲಾಡುವ ರೂಪ ಎಲ್‌ಸಿ3-ಒಂದು. ಫಾಸ್ಫಾಟಿಡಿಲ್‌ಎಥನೊಲಮೈನ್ ಎಂಬ ಕೊಬ್ಬಿನ ಅಣುವಿಗೆ ಬೆಸೆದುಕೊಂಡು ಪೊರೆಗೆ ಅಂಟಿದ ರೂಪ ಎಲ್‌ಸಿ3-ಎರಡು. ನಾವು ಅಳೆಯುವುದು ಹೆಚ್ಚಾಗಿ ಈ ಎರಡನೆಯದನ್ನು.

ಮೊದಲು ಪ್ರಶ್ನೆ: ಪ್ರಮಾಣವೋ, ಹರಿವೋ?

ಎಲ್‌ಸಿ3-ಎರಡು ಆಟೊಫಾಗೊಸೋಮ್‌ನ ಒಳಪೊರೆಯಲ್ಲೂ ಇರುತ್ತದೆ, ಸರಕಿನ ಜೊತೆಗೆ ತಾನೂ ಲೈಸೊಸೋಮಿನಲ್ಲಿ ಕರಗಿಹೋಗುತ್ತದೆ. ಎಲ್ಲ ಗೊಂದಲಕ್ಕೂ ಮೂಲ ಇದು. ಒಂದು ಕೌಂಟರಿನ ಮುಂದೆ ಸಾಲು ಉದ್ದವಾಗಿದ್ದರೆ ಹೆಚ್ಚು ಜನ ಬಂದಿರಬಹುದು, ಇಲ್ಲವೇ ಒಳಗೆ ಕೂತವನು ಎದ್ದು ಹೋಗಿರಬಹುದು. ಸಾಲಿನ ಫೋಟೊ ಒಂದನ್ನೇ ನೋಡಿ ಯಾವುದೆಂದು ಹೇಳಲಾಗದು. ಎಲ್‌ಸಿ3-ಎರಡು ಹೆಚ್ಚಿದ್ದರೂ ಹಾಗೆಯೇ: ಆಟೊಫಾಗೊಸೋಮ್‌ಗಳು ಹೆಚ್ಚು ಹುಟ್ಟುತ್ತಿರಬಹುದು, ಹುಟ್ಟಿದವು ಕರಗದೆ ಉಳಿಯುತ್ತಿರಬಹುದು. ಮೊದಲನೆಯದು ಆಟೊಫೇಜಿಯ ಏರಿಕೆ, ಎರಡನೆಯದು ಅದರ ತಡೆ. ಅರ್ಥ ತದ್ವಿರುದ್ಧ, ಬ್ಯಾಂಡ್ ಮಾತ್ರ ಒಂದೇ.

ಆದ್ದರಿಂದ ಅಳೆಯಬೇಕಾದದ್ದು ಹರಿವು. ಲೈಸೊಸೋಮನ್ನು ಬೇಕೆಂದೇ ಸ್ವಲ್ಪ ಹೊತ್ತು ನಿಲ್ಲಿಸಿ, ಆ ಅವಧಿಯಲ್ಲಿ ಎಷ್ಟು ಎಲ್‌ಸಿ3-ಎರಡು ಕೂಡಿಕೊಂಡಿತು ಎಂದು ನೋಡುವುದು. ನಿಲ್ಲಿಸಲು ಮೂರು ಸಾಧನಗಳಿವೆ. ಬ್ಯಾಫಿಲೊಮೈಸಿನ್ ಎ1 ಲೈಸೊಸೋಮಿನ ಪ್ರೋಟಾನ್ ಪಂಪನ್ನು ತಡೆಯುತ್ತದೆ. ಬಳಕೆ ಸಾಮಾನ್ಯವಾಗಿ 100 ನ್ಯಾನೊಮೋಲಾರ್, 2ರಿಂದ 4 ಗಂಟೆ. ಕ್ಲೋರೋಕ್ವಿನ್ 20ರಿಂದ 50 ಮೈಕ್ರೋಮೋಲಾರ್‌ನಲ್ಲಿ ಕೆಲಸ ಮಾಡುತ್ತದೆ, ಅಗ್ಗವೂ ಹೌದು, ಆದರೆ ಅದಕ್ಕೊಂದು ಉಪದ್ರವವಿದೆ, ಮುಂದೆ ಹೇಳುತ್ತೇನೆ. ಇ64ಡಿ ಮತ್ತು ಪೆಪ್‌ಸ್ಟಾಟಿನ್ ಎ ಜೋಡಿ, ತಲಾ ಮಿಲಿಲೀಟರಿಗೆ 10 ಮೈಕ್ರೋಗ್ರಾಂ, ಲೈಸೊಸೋಮಿನ ಕಿಣ್ವಗಳನ್ನು ಮಾತ್ರ ತಡೆದು ಆಮ್ಲೀಯತೆಯನ್ನು ಹಾಗೆಯೇ ಬಿಡುತ್ತದೆ. ಒಂದನ್ನೇ ಆರಿಸಬೇಕಾದರೆ ನನ್ನ ಆಯ್ಕೆ ಬ್ಯಾಫಿಲೊಮೈಸಿನ್.

ಒಂದು ಮುನ್ನೆಚ್ಚರಿಕೆ: ನಿಮ್ಮ ಜೀವಕೋಶಗಳಲ್ಲಿ ಈ ಪ್ರಮಾಣ ತಡೆಯನ್ನು ಪೂರ್ಣಗೊಳಿಸುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ. 25, 50, 100, 200 ನ್ಯಾನೊಮೋಲಾರ್‌ಗಳ ಸಣ್ಣ ಸರಣಿ ಸಾಕು. ಎಲ್‌ಸಿ3-ಎರಡು ಇನ್ನು ಏರದೆ ನಿಲ್ಲುವ ಹಂತವೇ ನಿಮ್ಮ ಪ್ರಮಾಣ. ತಡೆ ಅರೆಬರೆಯಾಗಿದ್ದರೆ, ನೀವು ಪರೀಕ್ಷಿಸುತ್ತಿರುವ ಔಷಧವೂ ಲೈಸೊಸೋಮನ್ನೇ ತಡೆಯುತ್ತಿದ್ದರೆ, ಎರಡರ ಪರಿಣಾಮ ಕೂಡಿ ‘ಏರಿಕೆ’ಯಂತೆ ಕಾಣುತ್ತದೆ. ಹಾಗೆಂದು ರಾತ್ರಿಯಿಡೀ ಬ್ಯಾಫಿಲೊಮೈಸಿನ್‌ನಲ್ಲಿ ಬಿಟ್ಟು ಬೆಳಿಗ್ಗೆ ಬಂದು ನೋಡುವ ಪದ್ಧತಿಯೂ ಬೇಡ. ಅಷ್ಟು ಹೊತ್ತಿಗೆ ಜೀವಕೋಶಗಳು ಸೊರಗಿರುತ್ತವೆ, ಎಂಟಾರ್ (ಪೋಷಕಾಂಶ ಇದ್ದಾಗ ಚುರುಕಾಗಿ ಆಟೊಫೇಜಿಯನ್ನು ತಡೆಯುವ ಕಿಣ್ವ) ಸಂಕೇತವೂ ಏರುಪೇರಾಗಿರುತ್ತದೆ.

ಆರು ವೆಲ್‌ಗಳ ವಿನ್ಯಾಸ

ಆರು ವೆಲ್‌ಗಳ (ಕೋಶ ಬೆಳೆಸುವ ಗುಂಡಿಗಳ) ಒಂದು ಪ್ಲೇಟ್ ಈ ಪ್ರಯೋಗಕ್ಕೆ ಹೇಳಿ ಮಾಡಿಸಿದಂತಿದೆ. ಮೇಲಿನ ಸಾಲಿನ ಮೂರರಲ್ಲಿ ಡಿಎಂಎಸ್‌ಒ (ಬ್ಯಾಫಿಲೊಮೈಸಿನ್ ಕರಗಿಸುವ ದ್ರಾವಕ ಮಾತ್ರ), ಕೆಳಗಿನ ಮೂರರಲ್ಲಿ ಬ್ಯಾಫಿಲೊಮೈಸಿನ್. ಮೊದಲ ಕಂಬ ಸಾಮಾನ್ಯ ಮಾಧ್ಯಮ, ಎರಡನೆಯದು ಉಪವಾಸ, ಮೂರನೆಯದು ನೀವು ಪರೀಕ್ಷಿಸುತ್ತಿರುವ ಔಷಧ. ಉಪವಾಸದ ಕಂಬವನ್ನು ಜಾಗ ಉಳಿಸಲೆಂದು ಕೈಬಿಡುವವರಿದ್ದಾರೆ. ಅದಿಲ್ಲದೆ ಔಷಧ ಏನೂ ಮಾಡದಿದ್ದಾಗ, ಔಷಧ ನಿಜವಾಗಿಯೂ ನಿಷ್ಕ್ರಿಯವೋ ಅಥವಾ ನಿಮ್ಮ ಬ್ಲಾಟ್ ಕೆಟ್ಟಿದೆಯೋ ಎಂದು ತಿಳಿಯುವ ಮಾರ್ಗವೇ ಇರುವುದಿಲ್ಲ.

ಹೀಲಾದಂಥ ಜೀವಕೋಶಗಳನ್ನು ಹಿಂದಿನ ದಿನ ವೆಲ್ ಒಂದಕ್ಕೆ ಸುಮಾರು 3 ಲಕ್ಷದಂತೆ ಬಿತ್ತಿದರೆ ಮರುದಿನ ತಳದ 60ರಿಂದ 70 ಪ್ರತಿಶತ ತುಂಬಿರುತ್ತದೆ. ಇಕ್ಕಟ್ಟಾಗಿ ತುಂಬಿದ ಪ್ಲೇಟಿನಲ್ಲಿ ಪೋಷಕಾಂಶ ಬೇಗ ಖಾಲಿಯಾಗಿ, ‘ಸಾಮಾನ್ಯ’ ಎಂದುಕೊಂಡ ವೆಲ್‌ಗಳೇ ಅರೆ ಉಪವಾಸದಲ್ಲಿರುತ್ತವೆ. ಪ್ರಯೋಗಕ್ಕೆ ಒಂದೆರಡು ಗಂಟೆ ಮೊದಲು ಎಲ್ಲ ವೆಲ್‌ಗಳಿಗೂ ಹೊಸ ಮಾಧ್ಯಮ ಹಾಕಿ. ಮೂಲಮಟ್ಟ ಒಂದೇ ಆಗುತ್ತದೆ.

ಉಪವಾಸಕ್ಕೆ ಇಬಿಎಸ್‌ಎಸ್ ದ್ರಾವಣ ಬಳಸಿ. ಅದರಲ್ಲಿ ಗ್ಲೂಕೋಸ್ ಇದೆ, ಅಮೈನೋ ಆಮ್ಲಗಳಿಲ್ಲ, ಸೀರಂ ಇಲ್ಲ. ಹಾಕುವ ಮೊದಲು ಬೆಚ್ಚಗಿನ ಪಿಬಿಎಸ್‌ನಿಂದ (ಫಾಸ್ಫೇಟ್ ಇರುವ ಉಪ್ಪಿನ ದ್ರಾವಣ) ಎರಡು ಮೂರು ಸಲ ತೊಳೆಯಿರಿ. ತಳದಲ್ಲಿ ಉಳಿದ ಹಳೆಯ ಮಾಧ್ಯಮದ ಅಮೈನೋ ಆಮ್ಲಗಳಿಂದಲೂ ಎಂಟಾರ್ ಚುರುಕಾಗಿಯೇ ಇರಬಲ್ಲದು. ತೊಳೆಯುವ ಕೆಲಸವನ್ನು ಉಪವಾಸವಿಲ್ಲದ ವೆಲ್‌ಗಳಿಗೂ ಮಾಡಿ, ಇಲ್ಲದಿದ್ದರೆ ಹೋಲಿಕೆ ಸಮವಾಗದು. ಉಪವಾಸಕ್ಕೆ ಬದಲಾಗಿ ಎಂಟಾರ್ ತಡೆಯುವ ಟೋರಿನ್ 1ನ್ನು 250 ನ್ಯಾನೊಮೋಲಾರ್‌ನಲ್ಲಿ ಬಳಸಬಹುದು. ರ‍್ಯಾಪಮೈಸಿನ್ ಹೆಸರು ದೊಡ್ಡದು, ಆದರೆ ಅದು ಎಂಟಾರ್‌ನ ಎಲ್ಲ ಕೆಲಸಗಳನ್ನೂ ತಡೆಯುವುದಿಲ್ಲ, ಹಲವು ಜೀವಕೋಶಗಳಲ್ಲಿ ಪರಿಣಾಮ ಮಂದ.

ಸಮಯದ ಲೆಕ್ಕವನ್ನು ಹಿಂದಿನಿಂದ ಹಾಕಿ. ಔಷಧ 24 ಗಂಟೆಯದಾದರೆ 22ನೆಯ ಗಂಟೆಗೆ ಬ್ಯಾಫಿಲೊಮೈಸಿನ್ ಸೇರಿಸಿ, ಅದೇ ಹೊತ್ತಿಗೆ ಇನ್ನೊಂದು ಕಂಬದಲ್ಲಿ ಉಪವಾಸ ಆರಂಭಿಸಿ. ಆರೂ ವೆಲ್‌ಗಳು ಒಟ್ಟಿಗೆ ಮುಗಿಯಬೇಕು.

ಬ್ಲಾಟ್, ಹಂತ ಹಂತವಾಗಿ

ಎಲ್‌ಸಿ3 ಚಿಕ್ಕ ಪ್ರೋಟೀನು. ಮೊದಲ ರೂಪ 16ರಿಂದ 18 ಕಿಲೋಡಾಲ್ಟನ್‌ಗಳ ಆಸುಪಾಸಿನಲ್ಲಿ, ಎರಡನೆಯದು 14ರಿಂದ 16ರ ಬಳಿ ಕಾಣುತ್ತದೆ. ಕೊಬ್ಬು ಅಂಟಿಕೊಂಡು ತೂಕ ಹೆಚ್ಚಿದ್ದರೂ ಎರಡನೆಯದೇ ಕೆಳಗೆ ಓಡುತ್ತದೆ, ಏಕೆಂದರೆ ಅದು ನೀರಿಗೆ ಒಗ್ಗದ ಗುಣದ್ದಾಗಿ ಜೆಲ್‌ನಲ್ಲಿ ಬೇಗ ಚಲಿಸುತ್ತದೆ. ಚಿಕ್ಕದಾಗಿರುವುದು ಮತ್ತು ಪೊರೆಗೆ ಅಂಟಿರುವುದು, ಇವೆರಡೇ ಕೆಳಗಿನ ಬಹುತೇಕ ಸೂಚನೆಗಳಿಗೆ ಕಾರಣ.

1. ಪ್ಲೇಟನ್ನು ಮಂಜುಗಡ್ಡೆಯ ಮೇಲಿಟ್ಟು ತಣ್ಣನೆಯ ಪಿಬಿಎಸ್‌ನಿಂದ ಎರಡು ಸಲ ತೊಳೆದು, ಕೊನೆಯ ಹನಿಯವರೆಗೂ ಹೀರಿ ತೆಗೆಯಿರಿ.

2. ಒಂದು ಪ್ರತಿಶತ ಎಸ್‌ಡಿಎಸ್ (ಪ್ರಬಲ ಡಿಟರ್ಜೆಂಟ್) ಇರುವ ಬಫರನ್ನು ವೆಲ್‌ಗೆ 150 ಮೈಕ್ರೋಲೀಟರ್ ಹಾಕಿ ಕೆರೆದು, ಟ್ಯೂಬಿಗೆ ಹಾಕಿ 95 ಡಿಗ್ರಿ ಸೆಲ್ಸಿಯಸ್‌ನಲ್ಲಿ 5 ನಿಮಿಷ ಇಡಿ. ಡಿಎನ್‌ಎಯಿಂದ ಲೋಳೆಯಾಗುತ್ತದೆ, ಸೋನಿಕೇಟರ್‌ನಲ್ಲಿ ಕೆಲವು ಸೆಕೆಂಡು ಇಟ್ಟರೆ ಅಥವಾ ಸಣ್ಣ ಸೂಜಿಯಲ್ಲಿ ಎಳೆದು ಬಿಟ್ಟರೆ ತೆಳುವಾಗುತ್ತದೆ. ಸೌಮ್ಯ ಡಿಟರ್ಜೆಂಟ್ ಬಳಸಿ, ತಿರುಗಿಸಿ, ಮೇಲಿನ ತಿಳಿಯನ್ನಷ್ಟೇ ತೆಗೆದುಕೊಳ್ಳುವ ಅಭ್ಯಾಸವಿದ್ದರೆ ಇಲ್ಲಿ ಬಿಡಿ. ಪೊರೆಗೆ ಅಂಟಿದ ಎಲ್‌ಸಿ3-ಎರಡಿನ ಒಂದು ಪಾಲು, ಮುದ್ದೆಗಟ್ಟಿದ ಪಿ62ರ (ಆಟೊಫೇಜಿಯಲ್ಲಿ ಕರಗುವ ಮತ್ತೊಂದು ಪ್ರೋಟೀನು) ದೊಡ್ಡ ಪಾಲು ಗಸಿಯ ಜೊತೆ ಕಸದ ಡಬ್ಬಿಗೆ ಹೋಗಿಬಿಡಬಹುದು.

3. ಪ್ರೋಟೀನಿನ ಪ್ರಮಾಣವನ್ನು ಬಿಸಿಎ ವಿಧಾನದಲ್ಲಿ ನೋಡಿ. ಇಷ್ಟು ಎಸ್‌ಡಿಎಸ್ ಇದ್ದರೆ ಬ್ರ್ಯಾಡ್‌ಫರ್ಡ್ ಕೆಲಸಕ್ಕೆ ಬಾರದು. ಡಿಟಿಟಿಯಂಥ ಅಪಕರ್ಷಕಗಳು ಬಿಸಿಎಯನ್ನು ಕೆಡಿಸುವುದರಿಂದ ಅವನ್ನೂ ಬಣ್ಣವನ್ನೂ ಈ ಅಳತೆ ಮುಗಿದ ಮೇಲೆಯೇ ಸೇರಿಸಿ.

4. ಪ್ರತಿ ಸಾಲಿಗೆ 15ರಿಂದ 20 ಮೈಕ್ರೋಗ್ರಾಂ ಹಾಕಿ, 15 ಪ್ರತಿಶತದ ಅಥವಾ 4ರಿಂದ 20 ಪ್ರತಿಶತದ ಜೆಲ್‌ನಲ್ಲಿ ಓಡಿಸಿ. ನೀಲಿ ಬಣ್ಣದ ಗೆರೆ ಜೆಲ್‌ನ ಕೆಳ ಅಂಚನ್ನು ಮುಟ್ಟುತ್ತಿರುವಾಗಲೇ ನಿಲ್ಲಿಸಿ. ಇನ್ನೈದು ನಿಮಿಷ ಎಂದು ಬಿಟ್ಟರೆ ನಿಮ್ಮ ಬ್ಯಾಂಡ್ ಬಫರಿನಲ್ಲಿ ಈಜುತ್ತಿರುತ್ತದೆ.

5. ವರ್ಗಾವಣೆಗೆ 0.2 ಮೈಕ್ರೋಮೀಟರ್ ರಂಧ್ರದ ಪಿವಿಡಿಎಫ್ ಹಾಳೆ ಬೇಕು, 0.45ರದ್ದರಲ್ಲಿ ಇಷ್ಟು ಚಿಕ್ಕ ಪ್ರೋಟೀನು ತೂರಿ ಹೋಗಬಹುದು. ಹಾಳೆಯನ್ನು ಮೆಥನಾಲ್‌ನಲ್ಲಿ ಒಂದು ನಿಮಿಷ ನೆನೆಸಿ. ಬಫರಿನಲ್ಲಿ 20 ಪ್ರತಿಶತ ಮೆಥನಾಲ್ ಇರಲಿ, ಎಸ್‌ಡಿಎಸ್ ಬೇಡ. ತೊಟ್ಟಿಯ ವಿಧಾನದಲ್ಲಿ 100 ವೋಲ್ಟ್, ಒಂದು ಗಂಟೆ ಸಾಕು.

6. 5 ಪ್ರತಿಶತ ಹಾಲಿನ ಪುಡಿಯ ದ್ರಾವಣದಲ್ಲಿ ಒಂದು ಗಂಟೆ ತಡೆಗಟ್ಟಿ. ಹಾಳೆಯನ್ನು 35 ಕಿಲೋಡಾಲ್ಟನ್ ಗುರುತಿನ ಬಳಿ ಅಡ್ಡಕ್ಕೆ ಕತ್ತರಿಸಿ, ಮೇಲಿನ ಭಾಗಕ್ಕೆ ಪಿ62ರ, ಕೆಳಗಿನದಕ್ಕೆ ಎಲ್‌ಸಿ3ರ ಪ್ರತಿಕಾಯ ಹಾಕಿ 4 ಡಿಗ್ರಿಯಲ್ಲಿ ರಾತ್ರಿಯಿಡೀ ಅಲುಗಾಡಿಸಿ. ಮರುದಿನದ ತೊಳೆತ, ಎರಡನೆಯ ಪ್ರತಿಕಾಯ ಎಲ್ಲ ಬ್ಲಾಟ್‌ಗಳಂತೆಯೇ. ಮೇಲಿನ ತುಂಡಿನಲ್ಲೇ ಆಕ್ಟಿನ್ ಕೂಡ ನೋಡಬಹುದು.

7. ಬೆಳಕಿನ ಚಿತ್ರವನ್ನು ಬೇರೆ ಬೇರೆ ಅವಧಿಗೆ ತೆಗೆಯಿರಿ. ಬ್ಯಾಫಿಲೊಮೈಸಿನ್ ಸಾಲುಗಳಲ್ಲಿ ಬ್ಯಾಂಡ್ ಎಷ್ಟು ದಟ್ಟವೆಂದರೆ, ಮಿಕ್ಕವು ಕಾಣುವ ಹೊತ್ತಿಗೆ ಅವು ಮಿತಿ ಮೀರಿರುತ್ತವೆ. ಮಿತಿ ಮೀರಿದ ಬ್ಯಾಂಡಿನಿಂದ ಲೆಕ್ಕ ಹಾಕುವುದೆಂದರೆ ವ್ಯತ್ಯಾಸವನ್ನು ಕೈಯಾರೆ ಅಳಿಸಿದಂತೆ.

ಇದೇ ಮಾದರಿಗಳಲ್ಲಿ ಎಸ್6 ಕೈನೇಸ್‌ನ 389ನೆಯ ಥ್ರಿಯೊನೈನ್‌ನಲ್ಲಿ ಎಂಟಾರ್ ಸೇರಿಸುವ ಫಾಸ್ಫೇಟ್ ಇದೆಯೇ ಎಂದೂ ನೋಡಿ. ಉಪವಾಸದ ಸಾಲಿನಲ್ಲಿ ಅದು ಮಾಯವಾಗಿರಬೇಕು. ಆಗಿಲ್ಲವೆಂದರೆ ಜೀವಕೋಶಗಳಿಗೆ ಹಸಿವೇ ಆಗಿಲ್ಲ, ಎಲ್‌ಸಿ3ರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಲೆಕ್ಕ ಹಾಕುವುದು

ಎಲ್‌ಸಿ3-ಎರಡನ್ನು ಆಕ್ಟಿನ್‌ನಂಥ ಸ್ಥಿರ ಪ್ರೋಟೀನಿನಿಂದ ಭಾಗಿಸಿ, ಎಲ್‌ಸಿ3-ಒಂದರಿಂದ ಬೇಡ. ಹಳೆಯ ಪ್ರಬಂಧಗಳಲ್ಲಿ ಎರಡು-ಒಂದರ ಅನುಪಾತ ಧಾರಾಳವಾಗಿ ಸಿಗುತ್ತದೆ. ಆದರೆ ಅನೇಕ ಪ್ರತಿಕಾಯಗಳು ಎರಡನೆಯ ರೂಪವನ್ನೇ ಹೆಚ್ಚು ಗುರುತಿಸುತ್ತವೆ, ಮೊದಲನೆಯದು ಮಾದರಿಯನ್ನು ಮತ್ತೆ ಮತ್ತೆ ಹೆಪ್ಪುಗಟ್ಟಿಸಿ ಕರಗಿಸಿದರೆ ಕ್ಷೀಣಿಸುತ್ತದೆ. ಅಂಥದ್ದನ್ನು ಛೇದವಾಗಿ ಇಟ್ಟುಕೊಂಡರೆ ಸಂಖ್ಯೆ ಹುಚ್ಚಾಪಟ್ಟೆ ಕುಣಿಯುತ್ತದೆ.

ಬ್ಯಾಫಿಲೊಮೈಸಿನ್ ಇದ್ದಾಗಿನ ಬೆಲೆಯಿಂದ ಇಲ್ಲದಾಗಿನ ಬೆಲೆಯನ್ನು ಕಳೆದರೆ ಬರುವುದು ಹರಿವು. ಒಂದು ಕಾಲ್ಪನಿಕ ಉದಾಹರಣೆ. ಸಾಮಾನ್ಯ ಮಾಧ್ಯಮದಲ್ಲಿ 1, ಬ್ಯಾಫಿಲೊಮೈಸಿನ್‌ನೊಂದಿಗೆ 3 ಬಂದಿದೆ ಎನ್ನೋಣ, ಹರಿವು 2. ಔಷಧ ‘ಅ’ದಲ್ಲಿ 2.5, ಬ್ಯಾಫಿಲೊಮೈಸಿನ್‌ನೊಂದಿಗೆ 6, ಹರಿವು 3.5. ಔಷಧ ‘ಆ’ದಲ್ಲಿಯೂ 2.5, ಆದರೆ ಬ್ಯಾಫಿಲೊಮೈಸಿನ್‌ನೊಂದಿಗೆ ಬರೀ 3, ಹರಿವು 0.5. ಬ್ಯಾಫಿಲೊಮೈಸಿನ್ ಇಲ್ಲದ ಸಾಲುಗಳನ್ನಷ್ಟೇ ನೋಡಿದ್ದರೆ ಎರಡೂ ಔಷಧಗಳು ಆಟೊಫೇಜಿಯನ್ನು ಎರಡೂವರೆ ಪಟ್ಟು ಹೆಚ್ಚಿಸಿದವು ಎಂದು ಬರೆದುಬಿಡುತ್ತಿದ್ದೆವು. ವಾಸ್ತವದಲ್ಲಿ ‘ಆ’ ಅದನ್ನು ಬಹುಪಾಲು ನಿಲ್ಲಿಸಿದೆ.

ಒಂದೇ ಪ್ಲೇಟಿನ ಮೂರು ವೆಲ್‌ಗಳು ಮೂರು ಪ್ರಯೋಗಗಳಲ್ಲ. ಬೇರೆ ಬೇರೆ ದಿನ ಬಿತ್ತಿದ ಕನಿಷ್ಠ ಮೂರು ಸ್ವತಂತ್ರ ಪ್ರಯೋಗಗಳಿಂದ ಸಂಖ್ಯಾಶಾಸ್ತ್ರ ಮಾಡಿ.

ಪಿ62: ನಂಬಿ, ಆದರೆ ಪರೀಕ್ಷಿಸಿ

ಪಿ62 ಸರಕನ್ನೂ ಎಲ್‌ಸಿ3ಯನ್ನೂ ಒಟ್ಟಿಗೆ ಹಿಡಿದು ತಾನೂ ಕರಗುವ ಪ್ರೋಟೀನು. ಆಟೊಫೇಜಿ ಏರಿದರೆ ಇಳಿಯಬೇಕು, ತಡೆಯಾದರೆ ಕೂಡಿಕೊಳ್ಳಬೇಕು. ತೊಂದರೆಯೆಂದರೆ ಅದರ ಜೀನ್ ತೀರಾ ಸೂಕ್ಷ್ಮ. ಆಕ್ಸಿಡೇಟಿವ್ ಒತ್ತಡದಲ್ಲಿ ಎನ್‌ಆರ್‌ಎಫ್2 ಎಂಬ ಜೀನ್ ನಿಯಂತ್ರಕ ಪ್ರೋಟೀನು ಅದನ್ನು ಹೆಚ್ಚಿಸುತ್ತದೆ. ಉಪವಾಸ ದೀರ್ಘವಾದಾಗ ಇಳಿದಿದ್ದ ಪಿ62 ಮತ್ತೆ ಏರುವುದೂ ಉಂಟು. ಹಾಗಾಗಿ ಪ್ರೋಟೀನಿನ ಜೊತೆಗೆ ಅದರ ಆರ್‌ಎನ್‌ಎಯನ್ನೂ ಕ್ಯೂಪಿಸಿಆರ್‌ನಿಂದ ಅಳೆಯಿರಿ. ಆರ್‌ಎನ್‌ಎ ಬದಲಾಗದೆ ಪ್ರೋಟೀನು ಮಾತ್ರ ಇಳಿದಿದ್ದರೆ, ಆ ಇಳಿಕೆ ಬ್ಯಾಫಿಲೊಮೈಸಿನ್‌ನಿಂದ ತಪ್ಪಿದರೆ, ಆಗ ಪಿ62 ನಿಮ್ಮ ಪರ ಸಾಕ್ಷಿ ಹೇಳುತ್ತಿದೆ.

ಸೂಕ್ಷ್ಮದರ್ಶಕದ ಕೆಳಗೆ

ಎಲ್‌ಸಿ3 ಪೊರೆಗೆ ಸೇರಿದಾಗ ಮಸುಕಾದ ಹರಡಿಕೆಯ ನಡುವೆ ಚುಕ್ಕೆಗಳಾಗಿ ಕಾಣುತ್ತದೆ. ಜೀವಕೋಶದ ಸ್ವಂತ ಎಲ್‌ಸಿ3ಯನ್ನು ನೋಡಲು ಗಾಜಿನ ಕವರ್‌ಸ್ಲಿಪ್ ಮೇಲೆ ಬೆಳೆಸಿ, 4 ಪ್ರತಿಶತ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ 15 ನಿಮಿಷ ಸ್ಥಿರಗೊಳಿಸಿ. ಮುಂದಿನ ಹೆಜ್ಜೆ ಪ್ರತಿಕಾಯ ಒಳಹೋಗಲು ಪೊರೆಯಲ್ಲಿ ರಂಧ್ರ ಮಾಡುವುದು, ಅಲ್ಲೇ ಹೆಚ್ಚಿನವರು ಎಡವುವುದು. ರೂಢಿಯಂತೆ ಟ್ರೈಟಾನ್ ಎಂಬ ಡಿಟರ್ಜೆಂಟ್ ಹಾಕಿದರೆ ಪೊರೆಯ ಕೊಬ್ಬಿನ ಜೊತೆಗೆ ಎಲ್‌ಸಿ3-ಎರಡೂ ತೊಳೆದುಹೋಗಬಹುದು. ಮೈನಸ್ 20 ಡಿಗ್ರಿಯ ಮೆಥನಾಲ್ 10 ನಿಮಿಷ, ಇಲ್ಲವೇ ಡಿಜಿಟೋನಿನ್ ಮಿಲಿಲೀಟರಿಗೆ 50ರಿಂದ 100 ಮೈಕ್ರೋಗ್ರಾಂ, ಇವು ಮೇಲು. ಯಾವುದು ಹೊಂದುತ್ತದೆ ಎಂಬುದು ಪ್ರತಿಕಾಯವನ್ನು ಅವಲಂಬಿಸಿದೆ. ಹಸಿರಾಗಿ ಹೊಳೆಯುವ ಜಿಎಫ್‌ಪಿ ಪ್ರೋಟೀನು ಜೋಡಿಸಿದ ಎಲ್‌ಸಿ3 ಬಳಸುತ್ತಿದ್ದರೆ ಮೆಥನಾಲ್ ಬೇಡವೇ ಬೇಡ. ಜಿಎಫ್‌ಪಿಯ ಹೊಳಪು ಅದರಲ್ಲಿ ಆರಿಹೋಗುತ್ತದೆ.

ಜಿಎಫ್‌ಪಿ-ಎಲ್‌ಸಿ3ಯನ್ನು ತಾತ್ಕಾಲಿಕವಾಗಿ ಭಾರಿ ಪ್ರಮಾಣದಲ್ಲಿ ತುಂಬಿದಾಗ ಆಟೊಫೇಜಿಗೆ ಸಂಬಂಧವೇ ಇಲ್ಲದೆ ಮುದ್ದೆಯಾಗಿ ಚುಕ್ಕೆಗಳಂತೆ ಕಾಣುತ್ತದೆ. ಕಡಿಮೆ ಪ್ರಮಾಣದಲ್ಲಿ ಸ್ಥಿರವಾಗಿ ತಯಾರಿಸುವ ಜೀವಕೋಶ ಸಾಲು ಮಾಡಿಕೊಳ್ಳಿ. ಜೊತೆಗೆ 120ನೆಯ ಗ್ಲೈಸಿನ್ ಬದಲಿಸಿ ಕೊಬ್ಬಿಗೆ ಬೆಸೆಯಲಾರದಂತೆ ಮಾಡಿದ ರೂಪವನ್ನೂ ಇಟ್ಟುಕೊಳ್ಳಿ. ಅದರಲ್ಲೂ ಚುಕ್ಕೆ ಕಂಡರೆ ಆ ಚುಕ್ಕೆಗಳನ್ನು ನಂಬುವಂತಿಲ್ಲ. ಎಣಿಸುವಾಗ ಪ್ರತಿ ಸ್ಥಿತಿಗೆ ಕನಿಷ್ಠ 30ರಿಂದ 50 ಜೀವಕೋಶ ಇರಲಿ, ಸಾಫ್ಟ್‌ವೇರಿನ ಮಿತಿ ಎಲ್ಲ ಚಿತ್ರಗಳಿಗೂ ಒಂದೇ ಇರಲಿ, ಕಡತಗಳ ಹೆಸರನ್ನು ಬೇರೊಬ್ಬರಿಂದ ಮರೆಮಾಡಿಸಿ. ಯಾವ ಚಿತ್ರ ಯಾವ ಔಷಧದ್ದು ಎಂದು ಗೊತ್ತಿದ್ದರೆ ಕಣ್ಣು ಬೇಕಾದಷ್ಟು ಚುಕ್ಕೆ ಹುಡುಕಿಕೊಡುತ್ತದೆ.

ಎರಡು ಬಣ್ಣಗಳ ವರದಿಗಾರ ಪ್ರೋಟೀನಿನಲ್ಲಿ ಒಂದೇ ಎಲ್‌ಸಿ3ಗೆ ಜಿಎಫ್‌ಪಿಯೂ ಕೆಂಪು ಪ್ರೋಟೀನೂ ಜೋಡಿಸಿರುತ್ತವೆ. 2007ರಿಂದ ಬಳಕೆಯಲ್ಲಿರುವ ಉಪಾಯ. ಲೈಸೊಸೋಮಿನ ಆಮ್ಲದಲ್ಲಿ ಹಸಿರು ಆರುತ್ತದೆ, ಕೆಂಪು ಉಳಿಯುತ್ತದೆ. ಹಳದಿ ಚುಕ್ಕೆ ಆಟೊಫಾಗೊಸೋಮ್, ಬರೀ ಕೆಂಪು ಚುಕ್ಕೆ ಲೈಸೊಸೋಮ್ ಸೇರಿದ್ದು. ಎರಡೂ ಹೆಚ್ಚಿದರೆ ಏರಿಕೆ, ಹಳದಿ ಮಾತ್ರ ಹೆಚ್ಚಿದರೆ ತಡೆ. ಸಾಧ್ಯವಾದರೆ ಜೀವಂತ ಕೋಶಗಳಲ್ಲೇ ಚಿತ್ರ ತೆಗೆಯಿರಿ: ಸ್ಥಿರಗೊಳಿಸಿದಾಗ ಲೈಸೊಸೋಮಿನ ಆಮ್ಲೀಯತೆ ಕಳೆದು ಆರಿದ್ದ ಹಸಿರು ಮರಳಬಹುದು, ಕೆಂಪಾಗಿದ್ದವು ಹಳದಿಯಾಗಿ ಕಾಣುತ್ತವೆ. ಬ್ಯಾಫಿಲೊಮೈಸಿನ್ ಹಾಕಿದ ಒಂದು ತಟ್ಟೆ ಇದ್ದರೆ ‘ಎಲ್ಲವೂ ಹಳದಿ’ ಎಂದರೆ ಹೇಗಿರುತ್ತದೆ ಎಂಬುದಕ್ಕೆ ಅಳತೆಗೋಲು ಸಿಗುತ್ತದೆ.

ಎಲ್‌ಸಿ3 ಇದ್ದರೂ ಆಟೊಫೇಜಿ ಅಲ್ಲದಿದ್ದಾಗ

ಈಚಿನ ವರ್ಷಗಳಲ್ಲಿ ಹಳೆಯ ಎಷ್ಟೋ ತೀರ್ಮಾನಗಳನ್ನು ಮರುಪರಿಶೀಲಿಸುವಂತೆ ಮಾಡಿದ ವಿಷಯ ಇದು. ಲೈಸೊಸೋಮ್, ಎಂಡೋಸೋಮ್‌ಗಳ ಒಂಟಿ ಪೊರೆಯ ಮೇಲೂ ಎಲ್‌ಸಿ3 ಬೆಸೆದುಕೊಳ್ಳುತ್ತದೆ. ಅಲ್ಲಿ ಚೀಲವೂ ಇಲ್ಲ, ಸರಕೂ ಇಲ್ಲ, ಆದರೆ ಬ್ಲಾಟ್‌ನಲ್ಲಿ ಎಲ್‌ಸಿ3-ಎರಡು ಏರಿರುತ್ತದೆ. ಮೊನೆನ್ಸಿನ್‌ನಂಥ ಅಯಾನು ಸಾಗಿಸುವ ರಾಸಾಯನಿಕಗಳು ಇದನ್ನು ಉಂಟುಮಾಡುತ್ತವೆ. ಕ್ಲೋರೋಕ್ವಿನ್ ಕೂಡ, ಮೊದಲು ಹೇಳಿದ ಉಪದ್ರವ ಇದೇ. ತಡೆಯಲೆಂದು ಹಾಕಿದ ವಸ್ತುವೇ ಎಲ್‌ಸಿ3-ಎರಡನ್ನು ಬೇರೆ ದಾರಿಯಿಂದ ಹುಟ್ಟಿಸಿದರೆ ಕಳೆಯುವ ಲೆಕ್ಕ ಹಳಿ ತಪ್ಪುತ್ತದೆ.

ಗುರುತಿಸಲು ಎರಡು ದಾರಿಗಳಿವೆ. ಈ ಪ್ರಕ್ರಿಯೆಗೆ ಪ್ರೋಟಾನ್ ಪಂಪ್ ಬೇಕಾಗಿರುವುದರಿಂದ ಬ್ಯಾಫಿಲೊಮೈಸಿನ್ ಅದನ್ನು ತಡೆಯುತ್ತದೆ. ಔಷಧದ ಸಾಲಿನಲ್ಲಿ ಬ್ಯಾಫಿಲೊಮೈಸಿನ್ ಸೇರಿಸಿದಾಗ ಎಲ್‌ಸಿ3-ಎರಡು ಏರುವ ಬದಲು ಇಳಿದರೆ ತಕ್ಷಣ ಅನುಮಾನಿಸಿ. ಇನ್ನೊಂದು, ಕ್ರಿಸ್ಪರ್ ಎಂಬ ಜೀನ್ ತಿದ್ದುವ ವಿಧಾನದಿಂದ ಎಫ್‌ಐಪಿ200 ಅಥವಾ ಎಟಿಜಿ13 ಜೀನ್ ತೆಗೆದ ಜೀವಕೋಶಗಳು. ನಿಜವಾದ ಆಟೊಫೇಜಿಯ ಆರಂಭಕ್ಕೆ ಈ ಜೀನ್‌ಗಳು ಅನಿವಾರ್ಯ, ಒಂಟಿ ಪೊರೆಯ ಬೆಸುಗೆಗೆ ಬೇಕಿಲ್ಲ. ಇವು ಇಲ್ಲದೆಯೂ ಔಷಧ ಎಲ್‌ಸಿ3-ಎರಡನ್ನು ಏರಿಸಿದರೆ ನೀವು ನೋಡುತ್ತಿರುವುದು ಆಟೊಫೇಜಿ ಅಲ್ಲ. ಎಟಿಜಿ5 ಅಥವಾ ಎಟಿಜಿ7 ತೆಗೆದ ಕೋಶಗಳಿಂದ ಈ ವ್ಯತ್ಯಾಸ ತಿಳಿಯದು, ಏಕೆಂದರೆ ಎರಡೂ ದಾರಿಗಳಿಗೆ ಅವು ಬೇಕು. ಬ್ಲಾಟ್‌ನಲ್ಲಿ ಎಲ್‌ಸಿ3-ಎರಡು ಯಾವುದು ಎಂದು ಖಚಿತಪಡಿಸಿಕೊಳ್ಳಲು ಮಾತ್ರ ಅವು ಅತ್ಯುತ್ತಮ: ಆ ಬ್ಯಾಂಡೇ ಇರುವುದಿಲ್ಲ.

ಆರಂಭದ ಹಂತವನ್ನು ನೇರವಾಗಿ ನೋಡಬೇಕೆಂದರೆ ಡಬ್ಲ್ಯುಐಪಿಐ2 ಎಂಬ ಪ್ರೋಟೀನಿನ ಚುಕ್ಕೆಗಳನ್ನು ಎಣಿಸಿ. ಅದು ಪೊರೆ ಹುಟ್ಟುವ ಜಾಗಕ್ಕೆ ಬಂದು, ಚೀಲ ಮುಚ್ಚುವ ಹೊತ್ತಿಗೆ ಹೊರಟುಹೋಗುತ್ತದೆ. ರಾಸಾಯನಿಕ ತಡೆ ಬೇಕೆಂದರೆ 3-ಮೀಥೈಲ್‌ಅಡೆನಿನ್ ಬದಲು, ಆಟೊಫೇಜಿಯ ಆರಂಭಕ್ಕೆ ಬೇಕಾದ ಪಿಐ3 ಕೈನೇಸ್ ವಿಪಿಎಸ್34ನ್ನು ಆಯ್ದು ತಡೆಯುವ ಎಸ್‌ಎಆರ್405 ಬಳಸಿ. ಮೊದಲನೆಯದು ಮಿಲಿಮೋಲಾರ್‌ಗಟ್ಟಲೆ ಬೇಕು, ಬೇರೆ ಪಿಐ3 ಕೈನೇಸ್‌ಗಳನ್ನೂ ತಡೆಯುತ್ತದೆ.

ಎಲ್‌ಸಿ3ಯನ್ನು ದಾಟಿ

ಸರಕು ನಿಜವಾಗಿ ಕರಗಿತೇ ಎಂಬುದೇ ಕೊನೆಯ ಪ್ರಶ್ನೆ. ಹಳೆಯ, ಇಂದಿಗೂ ಗೌರವವಿರುವ ವಿಧಾನ ವಿಕಿರಣಶೀಲ ವ್ಯಾಲಿನ್‌ನಿಂದ ದೀರ್ಘಾಯುಷಿ ಪ್ರೋಟೀನುಗಳನ್ನು ಗುರುತು ಮಾಡಿ, ಅವು ಕರಗಿ ಹೊರಬರುವ ವೇಗ ಅಳೆಯುವುದು. ವಿಕಿರಣ ಬೇಡವೆನ್ನುವವರಿಗೆ 2022ರಲ್ಲಿ ಬಂದ ಹ್ಯಾಲೊ-ಟ್ಯಾಗ್ ವಿಧಾನ ನನಗೆ ಮೆಚ್ಚುಗೆಯಾದದ್ದು. ಹ್ಯಾಲೊ ಎಂಬ ಗುರುತಿನ ಪ್ರೋಟೀನು ಜೋಡಿಸಿದ ಪ್ರೋಟೀನನ್ನು ತಯಾರಿಸುವ ಕೋಶಗಳಿಗೆ, ಅದಕ್ಕೆ ಅಂಟುವ ಹೊಳೆಯುವ ಲೈಗ್ಯಾಂಡನ್ನು ಸ್ವಲ್ಪ ಹೊತ್ತು ಕೊಟ್ಟು ತೊಳೆಯುತ್ತೀರಿ. ಲೈಗ್ಯಾಂಡ್ ಹಿಡಿದ ಹ್ಯಾಲೊ ಲೈಸೊಸೋಮಿನಲ್ಲೂ ಕರಗದೆ ಉಳಿಯುತ್ತದೆ, ಅದಕ್ಕೆ ಅಂಟಿದ ಮಿಕ್ಕ ಭಾಗ ಕತ್ತರಿಸಿಹೋಗುತ್ತದೆ. ಜೆಲ್‌ನಲ್ಲಿ 33 ಕಿಲೋಡಾಲ್ಟನ್ ಬಳಿ ಒಂಟಿ ಹ್ಯಾಲೊ ಹೊಳೆದಷ್ಟೂ ಸರಕು ಲೈಸೊಸೋಮ್ ತಲುಪಿದೆ ಎಂದರ್ಥ. ಬ್ಲಾಟ್ ಬೇಕಿಲ್ಲ, ಜೆಲ್ಲನ್ನೇ ಸ್ಕ್ಯಾನ್ ಮಾಡಬಹುದು. ಬ್ಯಾಫಿಲೊಮೈಸಿನ್ ಸೇರಿಸಿದರೆ ಈ ಬ್ಯಾಂಡ್ ಕಾಣೆಯಾಗಬೇಕು.

ಮೈಟೋಕಾಂಡ್ರಿಯಾ ಮಾತ್ರ ಬೇಕಿದ್ದರೆ ಎಂಟಿ-ಕೀಮಾ ಎಂಬ ಹೊಳೆಯುವ ಪ್ರೋಟೀನು ಇದೆ. ಆಮ್ಲೀಯತೆಗೆ ತಕ್ಕಂತೆ ಅದು ಬೆಳಕು ಹೀರುವ ತರಂಗಾಂತರ ಬದಲಾಗುವುದರಿಂದ ಎರಡು ಲೇಸರ್‌ಗಳ ಅನುಪಾತದಲ್ಲಿ ಉತ್ತರ ಸಿಗುತ್ತದೆ. ಇದನ್ನಂತೂ ಜೀವಂತ ಕೋಶಗಳಲ್ಲಿ ಮಾತ್ರ ನೋಡಬೇಕು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಎರಡು ಪದರದ ಪೊರೆಯನ್ನೇ ಕಣ್ಣಿಗೆ ತೋರಿಸುತ್ತದೆ. ಅನುಭವಿಗಳ ನೆರವಿಲ್ಲದೆ ಊದಿಕೊಂಡ ಮೈಟೋಕಾಂಡ್ರಿಯಾವನ್ನು ಆಟೊಫಾಗೊಸೋಮ್ ಎಂದುಕೊಳ್ಳುವುದು ಸುಲಭ.

ಕೆಟ್ಟಾಗ ಎಲ್ಲಿ ನೋಡಬೇಕು

ಬ್ಯಾಫಿಲೊಮೈಸಿನ್ ಸಾಲಿನಲ್ಲೂ ಎಲ್‌ಸಿ3-ಎರಡು ಏರದಿದ್ದರೆ ಮೊದಲು ಬ್ಯಾಫಿಲೊಮೈಸಿನ್ ಮೇಲೆಯೇ ಸಂಶಯಪಡಿ: ಡಿಎಂಎಸ್‌ಒದಲ್ಲಿ ಕರಗಿಸಿ, ಒಂದು ಸಲಕ್ಕಾಗುವಷ್ಟು ಸಣ್ಣ ಪಾಲುಗಳಾಗಿ ಮೈನಸ್ 20ರಲ್ಲಿ, ಬೆಳಕು ತಾಗದಂತೆ ಇಟ್ಟಿದ್ದೀರಾ? ಅದು ಸರಿಯಿದ್ದರೆ ಹಾಳೆಯ ರಂಧ್ರ, ವರ್ಗಾವಣೆಯ ಅವಧಿ ನೋಡಿ. ಎಲ್‌ಸಿ3-ಒಂದು ಕಾಣದೆ ಎರಡು ಮಾತ್ರ ಕಂಡರೆ ಗಾಬರಿ ಬೇಡ, ಕೆಲವು ಜೀವಕೋಶಗಳಲ್ಲಿ ಹಾಗೆಯೇ. ಎರಡೂ ಒಂದಕ್ಕೊಂದು ಅಂಟಿ ಒಂದೇ ಪಟ್ಟಿಯಂತೆ ಕಂಡರೆ ಜೆಲ್‌ನ ಪ್ರತಿಶತ ಹೆಚ್ಚಿಸಿ, ವೋಲ್ಟೇಜ್ ಇಳಿಸಿ ನಿಧಾನವಾಗಿ ಓಡಿಸಿ. ಬ್ಲಾಟ್ ಏರಿಕೆ ಎಂದು, ಎರಡು ಬಣ್ಣದ ವರದಿಗಾರ ತಡೆ ಎಂದು ಹೇಳಿದರೆ ಸರಾಸರಿ ತೆಗೆಯಲು ಹೋಗಬೇಡಿ. ಬ್ಯಾಫಿಲೊಮೈಸಿನ್ ಪ್ರಮಾಣದ ಸರಣಿಯನ್ನು ಆ ಔಷಧದ ಜೊತೆಯಲ್ಲೇ ಮತ್ತೊಮ್ಮೆ ಮಾಡಿ, ಆಮೇಲೆ ಎಫ್‌ಐಪಿ200 ಇಲ್ಲದ ಕೋಶಗಳಲ್ಲಿ ಅದೇ ಬ್ಲಾಟ್ ಓಡಿಸಿ.